ಮೈಕ್ ಕುಯ್ಯೆಂದರೆ ದೊಡ್ಡ ಆಂಪ್ಲಿಫೈಯರ್ ತರಬೇಕೇ?

ಜಾತ್ರೆಯ ನಾಟಕಗಳು ಶುರುವಾದರೆ ಸಾಕು, ಸಿರುಗುಪ್ಪದಿಂದಲೋ ಕುಷ್ಟಗಿಯಿಂದಲೋ ಇದೇ ಪ್ರಶ್ನೆ: "ಮೈಕ್ ಕುಯ್ಯೆನ್ನುತ್ತದೆ, ಹಿಂದೆ ಕುಳಿತವರಿಗೆ ಮಾತು ಕೇಳುವುದಿಲ್ಲ. ಇನ್ನೂ ದೊಡ್ಡ ಆಂಪ್ಲಿಫೈಯರ್ ತರಿಸೋಣವೇ?"

ಬೇಡ. ಹೋದ ವರ್ಷವೂ ಹೇಳಿದ್ದೆ, ಈಗಲೂ ಹೇಳುತ್ತೇನೆ, ಬೇಡ.

ಮೈಕ್ ಕೂಗುವುದು ವ್ಯಾಟ್ ಸಾಲದ್ದಕ್ಕಲ್ಲ. ಸ್ಪೀಕರ್ ಬಾಕ್ಸ್‌ನಿಂದ ಹೊರಟ ಸದ್ದು ತಿರುಗಿ ಮೈಕ್‌ಗೆ ಬಿದ್ದು, ಮತ್ತೆ ಬಾಕ್ಸ್‌ಗೆ ಹೋಗಿ, ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ. ಆಂಪ್ಲಿಫೈಯರ್‌ನಲ್ಲಿ ನಟನ ಮಾತನ್ನು ಏರಿಸಿದಷ್ಟೂ ಈ ಸುತ್ತೂ ಏರುತ್ತದೆ. ಲೆಕ್ಕವನ್ನೂ ನೋಡಿ. 500 ವ್ಯಾಟ್ ತೆಗೆದು 1000 ಇಟ್ಟರೆ ಹೆಚ್ಚುವುದು ಬರೀ 3 ಡೆಸಿಬೆಲ್ (ಸದ್ದಿನ ಅಳತೆ). ಕಿವಿಗೆ ಸದ್ದು ಇಮ್ಮಡಿ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಅದೇ ರಂಗದ ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ತೂಗುಮೈಕ್ ನಟನ ಬಾಯಿಯಿಂದ ನಾಲ್ಕು ಅಡಿ ದೂರದಲ್ಲಿದ್ದರೆ ಎರಡು ಅಡಿಗೆ ಇಳಿಬಿಡಿ, 6 ಡೆಸಿಬೆಲ್ ಸಿಕ್ಕಿತು. ಹಗ್ಗ ಸಡಿಲಿಸುವುದಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ!

ಒಂದು ಊರಿನಲ್ಲಿ ಬಾಕ್ಸ್‌ಗಳನ್ನು ಹಿಂಪರದೆಯ ಪಕ್ಕ ಇಟ್ಟಿದ್ದರು. ಮುಂದಿಟ್ಟರೆ ಜನರಿಗೆ ಅಡ್ಡವಾಗುತ್ತದಂತೆ. ನಾಲ್ಕು ತೂಗುಮೈಕ್‌ಗಳೂ ಅವುಗಳ ಎದುರಿಗೇ ನೇತಾಡುತ್ತಿದ್ದವು. ಬಾಕ್ಸ್‌ಗಳನ್ನು ರಂಗದಿಂದ ಆರು ಅಡಿ ಮುಂದಕ್ಕೆ, ಎರಡು ಬದಿಗೆ ತಂದು, ಕುಳಿತವರ ತಲೆಯ ಮೇಲೆ ಹಾಯುವಂತೆ ಎತ್ತಿ ನಿಲ್ಲಿಸಿದೆವು. ಯಾರೂ ನಿಲ್ಲದ ಕಡೆಯ ಮೈಕ್ ಮುಚ್ಚಿದೆವು. ತೆರೆದ ಮೈಕ್‌ಗಳು ಇಮ್ಮಡಿಯಾದಾಗಲೆಲ್ಲ ಕೂಗು 3 ಡೆಸಿಬೆಲ್ ಬೇಗ ಶುರುವಾಗುತ್ತದೆ. ಆಂಪ್ಲಿಫೈಯರ್ ಹಳೆಯದೇ. ದುಶ್ಶಾಸನ ಸೆರಗಿಗೆ ಕೈ ಹಾಕಿದಾಗ ದ್ರೌಪದಿ ದನಿ ತಗ್ಗಿಸಿ ಕೃಷ್ಣನನ್ನು ಕರೆದದ್ದು ಕಟ್ಟಕಡೆಯ ಸಾಲಿನ ಅಜ್ಜಿಯರಿಗೂ ಕೇಳಿಸಿತು. ರಂಗನಟ ಬಳ್ಳಾರಿ ರಾಘವರು ಮಾತು ಮೊಳಗಿಸಿದ ಸೀಮೆ ಇದು. ಇಲ್ಲಿ ಮಾತೇ ಕೇಳದ ನಾಟಕ ಆಡುವುದನ್ನು ನಾನು ಒಪ್ಪಲಾರೆ.

ಯಾರೂ ಕೇಳದ ಇನ್ನೊಂದು ವಿಷಯವಿದೆ, ಬಯಲಿನ ಹಿಂತುದಿಯ ಬೇವಿನ ಮರಕ್ಕೆ ಕಟ್ಟುವ ಹಾರ್ನ್ ಸ್ಪೀಕರ್. ವೈರ್‌ನಲ್ಲಿ ಮಾತು ಅಲ್ಲಿಗೆ ತಕ್ಷಣ ತಲುಪುತ್ತದೆ. ಗಾಳಿಯಲ್ಲಿ 35 ಮೀಟರ್ ದಾಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಮರದ ಬುಡದಲ್ಲಿ ಕುಳಿತವರಿಗೆ ಹಾರ್ನ್ ಮೊದಲು, ರಂಗದ ಬಾಕ್ಸ್ ಆಮೇಲೆ; ಒಂದೇ ಮಾತು ಎರಡು ಸಲ ಕೇಳಿ ಕಲಸಿಹೋಗುತ್ತದೆ. ಡಿಜಿಟಲ್ ಮಿಕ್ಸರ್ ಇದ್ದರೆ ಹಾರ್ನ್‌ಗೆ ಪ್ರತಿ 35 ಮೀಟರ್‌ಗೆ 100 ಮಿಲಿಸೆಕೆಂಡ್ ಡಿಲೇ ಕೊಡಿ, ಅಂದರೆ ಹಾರ್ನ್‌ನ ಮಾತು ಅಷ್ಟು ತಡವಾಗಿ ಹೊರಡಲಿ. ಇಲ್ಲದಿದ್ದರೆ ಹಾರ್ನ್ ಬಿಚ್ಚಿ, ಮುಂದಿನ ಬಾಕ್ಸ್‌ಗಳನ್ನು ಇನ್ನೆರಡು ಅಡಿ ಮೇಲೆತ್ತಿ.