ಪದ ಪರಿಚಯ: ‘ಪ್ರಾವೆನನ್ಸ್’ ಅಂದರೆ ಮೇಜಿನ ಮೂಲ ಪತ್ರ

ಸೈಟು ಕೊಳ್ಳಲು ಹೊರಟವರು ಮೊದಲು ಕೇಳುವುದೇ ಮೂಲ ಪತ್ರ. ಯಾರಿಂದ ಯಾರಿಗೆ ಬಂತು, ನಡುವೆ ಎಲ್ಲಾದರೂ ಕೊಂಡಿ ತಪ್ಪಿದೆಯಾ ಅಂತ ನೋಡುತ್ತೇವೆ, ಅಲ್ವಾ? ಹಳೆಯ ಮರದ ಸಾಮಾನಿಗೂ ಅಂಥದ್ದೇ ಒಂದು ವಿಚಾರಣೆ ಇದೆ. ಆ್ಯಂಟಿಕ್ ವ್ಯಾಪಾರದವರು, ಮ್ಯೂಸಿಯಂನವರು ಅದನ್ನು ‘ಪ್ರಾವೆನನ್ಸ್’ ಅನ್ನುತ್ತಾರೆ. ಫ್ರೆಂಚಿನಿಂದ ಬಂದ ಪದ. ‘ಒಂದು ಕಡೆಯಿಂದ ಬರುವುದು’ ಅನ್ನುವುದು ಅದರ ಬೇರು. ಆದರೆ ಬಳಕೆಯಲ್ಲಿ ಅರ್ಥ ಇನ್ನೂ ದೊಡ್ಡದು. ವಸ್ತು ಎಲ್ಲಿ ಹುಟ್ಟಿತು ಅನ್ನುವುದಷ್ಟೇ ಅಲ್ಲ, ಅಲ್ಲಿಂದ ಇವತ್ತಿನವರೆಗೆ ಯಾರ್ಯಾರ ಕೈ ದಾಟಿ ಬಂತು ಅನ್ನುವ ಪೂರ್ತಿ ದಾರಿ.

ಈ ಪದ ನನಗೆ ನಿಜವಾಗಿ ಅರ್ಥವಾದದ್ದು ಒಂದು ಮೇಜಿನಿಂದ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹಾರ್ಡ್‌ವಿಕ್ ಹಾಲ್ ಅನ್ನುವ ಕಂಟ್ರಿ ಹೌಸ್ ಇದೆ. ಕಂಟ್ರಿ ಹೌಸ್ ಅಂದರೆ ಹಳ್ಳಿಮನೆ ಅಲ್ಲ, ಸಾವಿರಾರು ಎಕರೆ ಜಮೀನಿನ ನಡುವೆ ನಿಂತ ದೊಡ್ಡಮನೆ. ಇದನ್ನು 1590ರ ದಶಕದಲ್ಲಿ ಕಟ್ಟಿಸಿದ್ದು ಬೆಸ್ ಎಂಬ ಹೆಂಗಸು. ನಾಲ್ಕು ಮದುವೆಯಾಗಿ, ಕೊನೆಗೆ ಶ್ರೂಸ್‌ಬರಿಯ ಕೌಂಟೆಸ್ ಆದವಳು. ಮನೆಯ ಗೋಪುರಗಳ ತುದಿಯಲ್ಲಿ ತನ್ನ ಪೂರ್ತಿ ಹೆಸರಾದ ಎಲಿಜಬೆತ್ ಶ್ರೂಸ್‌ಬರಿಯ ಇ, ಎಸ್ ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿದಳು.

1601ರಲ್ಲಿ ಬೆಸ್ ಉಯಿಲು ಬರೆಸಿದಳು. ಜೊತೆಗೆ ಕೋಣೆ ಕೋಣೆಗೂ ಹೋಗಿ ಸಾಮಾನಿನ ಪಟ್ಟಿ ಮಾಡಿಸಿದಳು. ಅದರಲ್ಲಿ ಒಂದು ಸಾಲು ಹೀಗಿದೆ: ಕೆತ್ತನೆ ಮಾಡಿ ಚಿನ್ನದ ಲೇಪ ಹಚ್ಚಿದ, ಕಡಲನಾಯಿಗಳ ಮೇಲೆ ನಿಂತ, ಅಮೃತಶಿಲೆ ಮತ್ತು ಮರದ ತುಣುಕು ಕೂರಿಸಿದ ‘ಡ್ರಾಯಿಂಗ್ ಟೇಬಲ್’. ಚಿತ್ರ ಬರೆಯುವ ಮೇಜು ಅಂದುಕೊಳ್ಳಬೇಡಿ. ಎರಡು ತುದಿಯಿಂದ ಹಲಗೆ ಎಳೆದು ಉದ್ದ ಮಾಡುವ ಮೇಜು ಅಂತ ಅರ್ಥ.

ಆ ಮೇಜು ಇವತ್ತೂ ಅದೇ ಮನೆಯಲ್ಲಿದೆ. ವಾಲ್‌ನಟ್ ಮರದ್ದು. ನಾಲ್ಕು ವಿಚಿತ್ರ ಪ್ರಾಣಿಗಳು ಅದನ್ನು ಹೊತ್ತಿವೆ: ನಾಯಿಯ ಮುಖ, ಹೆಣ್ಣಿನ ಎದೆ, ರೆಕ್ಕೆ, ಕೆಳಗೆ ಮೀನಿನಂಥ ಬಾಲ. ಬಗ್ಗಿ ನೋಡಿದರೆ ಅವುಗಳ ಅಡಿಯಲ್ಲಿ ಆಮೆಗಳು. ಈ ಕೆತ್ತನೆಯ ಮಾದರಿ ಫ್ರಾನ್ಸಿನ ವಿನ್ಯಾಸಕಾರ ಡು ಸೆರ್ಸೋ ಅಚ್ಚು ಹಾಕಿಸಿದ ಚಿತ್ರಗಳದ್ದು. ನಾನೂರು ವರ್ಷ ಹಳೆಯ ಒಂದು ಸಾಲು, ಕಣ್ಣೆದುರಿನ ಒಂದು ವಸ್ತು, ಎರಡೂ ಹೀಗೆ ಒಂದಕ್ಕೊಂದು ತಾಳೆಯಾಗುವುದು ತೀರಾ ಅಪರೂಪ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇದು ಸುಮ್ನೆ ಉಳಿದದ್ದಲ್ಲ. ಸಾಮಾನಿಗೆ ಒದ್ದೆ, ನುಸಿ ತಾಗದಂತೆ ಜೋಪಾನ ಮಾಡಿ ಅಂತ ಬೆಸ್ ಉಯಿಲಿನಲ್ಲೇ ವಾರಸುದಾರರಿಗೆ ಹೇಳಿದ್ದಳು. ಆಮೇಲೆ ಅವಳ ವಂಶದ ಡೆವನ್‌ಶೈರ್ ಡ್ಯೂಕ್‌ಗಳು ಹೆಚ್ಚಾಗಿ ತಮ್ಮ ಇನ್ನೊಂದು ದೊಡ್ಡಮನೆ ಚಾಟ್ಸ್‌ವರ್ತ್‌ನಲ್ಲಿದ್ದರು. ಹೊಸ ಫ್ಯಾಷನ್ನೆಲ್ಲ ಅಲ್ಲಿಗೆ ಹೋಯಿತು, ಹಾರ್ಡ್‌ವಿಕ್ ಹಳೆಯದಾಗಿಯೇ ಉಳಿಯಿತು. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇ. 80ರಷ್ಟು ಮರಣ ತೆರಿಗೆ ಬಿತ್ತು. ಅದಕ್ಕೆ ಬದಲಾಗಿ ಮನೆಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. 1959ರಲ್ಲಿ ಅದು ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂತು.

ಎಲ್ಲ ಮನೆಗೂ ಈ ಅದೃಷ್ಟ ಇರಲಿಲ್ಲ. 1977ರಲ್ಲಿ ಮೆಂಟ್‌ಮೋರ್ ಎಂಬ ಮನೆಯ ಸಾಮಾನನ್ನೆಲ್ಲ ಹರಾಜು ಹಾಕಿದರು. ಒಂದೇ ಕೋಣೆಯಲ್ಲಿದ್ದ ಮೇಜು, ಕುರ್ಚಿ, ಕನ್ನಡಿ ಬೇರೆ ಬೇರೆ ಕೈ ಸೇರಿದವು. ಅಂಥ ಹೊತ್ತಿನಲ್ಲಿ ಮನೆಯ ನಂಟನ್ನು ಉಳಿಸುವುದು ಕಾಗದ, ಗುರುತು ಮಾತ್ರ: ಬಡಗಿ ಕೊಟ್ಟ ಬಿಲ್, ಮನೆಯ ಪಟ್ಟಿ, ಹಲಗೆಯ ಅಡಿಯಲ್ಲಿ ಒತ್ತಿದ ಮುದ್ರೆ, ಹಳೆಯ ಹರಾಜಿನ ಚೀಟಿ.

ಹರಾಜಿನ ಕ್ಯಾಟಲಾಗ್ ಓದುವಾಗ ‘ಪ್ರಾವೆನನ್ಸ್’ ಎಂಬ ತಲೆಬರಹದ ಕೆಳಗಿನ ಸಣ್ಣ ಪದಗಳನ್ನು ನಿಧಾನವಾಗಿ ನೋಡಿ. ‘ಇಂಥವರಿಗೆ ಮಾಡಿಕೊಟ್ಟದ್ದು, ಅಲ್ಲಿಂದ ವಂಶದಲ್ಲೇ ಬಂದದ್ದು’ ಎಂದಿದ್ದರೆ ಕೊಂಡಿ ಗಟ್ಟಿ. ‘ಬಹುಶಃ’ ಎಂದಿದ್ದರೆ ಎಲ್ಲೋ ಒಂದು ಕಾಗದ ಇಲ್ಲ. ‘ಹೀಗೆ ಪ್ರತೀತಿ’ ಎಂದಿದ್ದರೆ ಅದು ಬಾಯಿಮಾತು, ಅಷ್ಟೇ. ಕಾಗದ ಸರಿಯಿದ್ದರೂ ಮೇಜನ್ನು ತಿರುಗಿಸಿ ನೋಡಬೇಕು. ಒಂದು ಮೇಜಿನ ಹಲಗೆ, ಇನ್ನೊಂದರ ಕಾಲು ಜೋಡಿಸಿದ್ದರೆ ವ್ಯಾಪಾರದವರು ಅದನ್ನು ‘ಮ್ಯಾರೇಜ್’ ಅನ್ನುತ್ತಾರೆ. ಅದರ ಬೆಲೆ ಬಹಳ ಇಳಿದುಬಿಡುತ್ತದೆ.

ಈ ಪದ ನಮಗೂ ಹತ್ತಿರದ್ದೇ. ವೇಲ್ಸ್‌ನ ಪೋವಿಸ್ ಕೋಟೆಮನೆಯಲ್ಲಿ ಟಿಪ್ಪುವಿನ ಡೇರೆ ಇದೆ, ಅವನ ಸಿಂಹಾಸನದ ಚಿನ್ನದ ಹುಲಿತಲೆಯೂ ಒಂದಿದೆ. ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್ ಆಗಿದ್ದಾಗಲೇ ಶ್ರೀರಂಗಪಟ್ಟಣ ಬಿತ್ತು, ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅವನ ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದವಳು. ವಸ್ತು ಹೇಗೆ ಕೈ ಬದಲಾಯಿತು, ಕೊಂಡದ್ದೋ, ಕೊಟ್ಟದ್ದೋ, ಕಿತ್ತುಕೊಂಡದ್ದೋ ಅನ್ನುವುದೂ ಪ್ರಾವೆನನ್ಸ್‌ನ ಭಾಗವೇ. ಆ ಹುಲಿತಲೆಯ ಮೂಲ ಪತ್ರವನ್ನು ಪೋವಿಸ್‌ನಿಂದ ಶುರು ಮಾಡಿದರೆ ಆಗದು. ಮೊದಲ ಸಾಲು ಟಿಪ್ಪುವಿನ ಅರಮನೆ. ಎರಡನೆಯದು 1799ರ ಮೇ 4.