ಓದುಗರ ಪ್ರಶ್ನೆ: ಫೇಸ್‌ಬುಕ್ ನಮ್ಮ ಮಾಹಿತಿಯನ್ನು ಎಷ್ಟಕ್ಕೆ ಮಾರುತ್ತದೆ?

ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದರೂ ಮತ್ತೆ ಬರುತ್ತಲೇ ಇದೆ. ಈ ಸಲ ತುಸು ಬಿಡಿಸಿ ಹೇಳುತ್ತೇನೆ.

ತಲೆಗೆ ಎಷ್ಟು ಎಂಬ ಲೆಕ್ಕ ಸುಲಭ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಒಬ್ಬ ಬಳಕೆದಾರರಿಂದ ಬಂದ ಸರಾಸರಿ ವರಮಾನ ಅಮೆರಿಕ ಮತ್ತು ಕೆನಡಾದಲ್ಲಿ 68.44 ಡಾಲರ್. ಏಷ್ಯಾ-ಪೆಸಿಫಿಕ್ ವಲಯದಲ್ಲಿ 5.52 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 460 ರೂಪಾಯಿ. ಅದೂ ಜಪಾನ್, ಆಸ್ಟ್ರೇಲಿಯಾಗಳನ್ನು ಸೇರಿಸಿಕೊಂಡು. ಅಮೆರಿಕದವರೇನೂ ನಮಗಿಂತ ಹನ್ನೆರಡು ಪಟ್ಟು ಫೋಟೊ ಹಾಕುವುದಿಲ್ಲ. ಅವರು ಕೊಳ್ಳಬಲ್ಲರು, ಆದ್ದರಿಂದ ಅವರ ಕಣ್ಣಿಗೆ ಬೀಳಲು ಜಾಹೀರಾತುದಾರರು ಹೆಚ್ಚು ಹಣ ಸುರಿಯುತ್ತಾರೆ.

ಇನ್ನು ‘ಮಾರುತ್ತದೆ’ ಎಂಬ ಮಾತು. ಹೆಸರು, ಫೋನ್ ನಂಬರ್, ಇಷ್ಟಾನಿಷ್ಟಗಳೆಲ್ಲ ಇರುವ ಒಂದು ಪಟ್ಟಿಯನ್ನು ಯಾರೋ ದುಡ್ಡು ಕೊಟ್ಟು ಒಯ್ಯುತ್ತಾರೆ ಎಂದು ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆ ಅಲುಗಾಡುವುದೇ ಇಲ್ಲ. ನಡೆಯುವುದೇನು ನೋಡಿ. ದಾವಣಗೆರೆಯ ಸೀರೆ ಅಂಗಡಿಯವರೊಬ್ಬರು ಜಾಹೀರಾತು ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಊರು ದಾವಣಗೆರೆ, ಮಹಿಳೆಯರು, ವಯಸ್ಸು 25ರಿಂದ 45, ದಿನಕ್ಕೆ 500 ರೂಪಾಯಿ ಎಂದು ತುಂಬುತ್ತಾರೆ. ಆ ಬಳಗದ ಒಬ್ಬರು ಫೋನ್ ತೆರೆದ ಕ್ಷಣದಲ್ಲೇ ಅವರ ಪರದೆಯ ಆ ಜಾಗಕ್ಕೆ ಹರಾಜು ನಡೆಯುತ್ತದೆ. ಯಾರು ಎಷ್ಟು ಕೂಗಿದ್ದಾರೆ, ಈ ಮಹಿಳೆ ಜಾಹೀರಾತನ್ನು ಒತ್ತುವ ಸಂಭವ ಎಷ್ಟು, ಜಾಹೀರಾತು ಎಷ್ಟು ಚೆನ್ನಾಗಿದೆ ಎಂಬುದನ್ನೆಲ್ಲ ತೂಗಿ ಫೇಸ್‌ಬುಕ್ ಒಬ್ಬ ಜಾಹೀರಾತುದಾರರನ್ನು ಗೆಲ್ಲಿಸುತ್ತದೆ. ‘ಸಂಭವ ಎಷ್ಟು’ ಎಂದು ಊಹಿಸಲು ನಿಮ್ಮ ಮಾಹಿತಿ ಬೇಕು. ಅಂಗಡಿಯವರಿಗೆ ಸಿಗುವುದು ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಎಷ್ಟು ಖರ್ಚಾಯಿತು ಎಂಬ ಅಂಕಿಗಳು ಮಾತ್ರ. ಹಾಲು ಕರೆಯುವ ಹಸುವನ್ನು ಯಾರೂ ಸಂತೆಗೆ ಹೊಡೆಯುವುದಿಲ್ಲ. ಪಟ್ಟಿಯನ್ನೇ ಕೊಟ್ಟುಬಿಟ್ಟರೆ ಅಂಗಡಿಯವರು ನಾಳೆ ಮತ್ತೆ ಏಕೆ ಬರುತ್ತಾರೆ? 2023ರಲ್ಲಿ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಗಳಿಸಿದ ಸುಮಾರು 13,500 ಕೋಟಿ ಡಾಲರ್ ವರಮಾನದಲ್ಲಿ ಶೇ 98ರಷ್ಟು ಜಾಹೀರಾತಿನಿಂದಲೇ ಬಂದದ್ದು.

‘ಹಾಗಾದರೆ ಕೇಂಬ್ರಿಡ್ಜ್ ಅನಲಿಟಿಕಾ?’ ಎಂದು ಕೇಳುತ್ತೀರಿ, ಕೇಳಬೇಕಾದದ್ದೇ. ಅಲ್ಲಿ ಹೊರಗಿನವರ ಒಂದು ರಸಪ್ರಶ್ನೆ ಆ್ಯಪ್, ಅದನ್ನು ಹಾಕಿಕೊಂಡವರ ಸ್ನೇಹಿತರ ಮಾಹಿತಿಯನ್ನೂ ಬಾಚಿಕೊಂಡಿತು; ಅದು ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಬ್ರಿಟನ್ನಿನ ಕಂಪನಿಯ ಕೈಸೇರಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಸೋರಿರಬಹುದಾದವರು 5.62 ಲಕ್ಷ. ಇದು 2018ರಲ್ಲಿ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕ. ಅದು ಮಾರಾಟವಲ್ಲ, ಬಾಗಿಲು ತೆರೆದಿಟ್ಟ ಹೊಣೆಗೇಡಿತನ. ಅಮೆರಿಕದ ವ್ಯಾಪಾರ ಆಯೋಗ 2019ರಲ್ಲಿ 500 ಕೋಟಿ ಡಾಲರ್ ದಂಡ ಹಾಕಿತು. ನಾನು ಈ ವ್ಯತ್ಯಾಸಕ್ಕೆ ಇಷ್ಟು ಜಗ್ಗಾಡುವುದಕ್ಕೆ ಕಾರಣವಿದೆ: ‘ಮಾರುತ್ತೀರಿ’ ಎಂದು ಆರೋಪಿಸಿದರೆ ‘ಮಾರುವುದಿಲ್ಲ’ ಎಂದು ಹೇಳಿ ಕಂಪನಿ ಪಾರಾಗುತ್ತದೆ. ಅಮೆರಿಕದ ಸಂಸತ್ತಿನ ಮುಂದೆ ಫೇಸ್‌ಬುಕ್ ಸ್ಥಾಪಕ ಜುಕರ್‌ಬರ್ಗ್ ಹೇಳಿದ್ದೂ ಅದನ್ನೇ. ಕೇಳಬೇಕಾದ ಪ್ರಶ್ನೆ, ಇಷ್ಟೊಂದನ್ನು ಕೂಡಿಹಾಕಿದ್ದು ಏಕೆ ಎಂಬುದು.

ಯಾರೂ ಕೇಳದ ಇನ್ನೊಂದು ಸಂಗತಿಯಿದೆ. ಮಾಹಿತಿ ಎದುರು ದಿಕ್ಕಿನಲ್ಲೂ ಹರಿಯುತ್ತದೆ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ನೀವು ಹೇಳಿದ ಮೊಬೈಲ್ ನಂಬರನ್ನು ಅಂಗಡಿಯವರು ತಮ್ಮ ಗ್ರಾಹಕರ ಪಟ್ಟಿಯೊಂದಿಗೆ ಸಂಕೇತರೂಪದಲ್ಲಿ ಮೆಟಾಕ್ಕೆ ಏರಿಸಬಹುದು. ಅಲ್ಲಿ ಅದು ನಿಮ್ಮ ಖಾತೆಯೊಂದಿಗೆ ತಾಳೆಯಾಗುತ್ತದೆ, ಅದೇ ಅಂಗಡಿಯ ಜಾಹೀರಾತು ನಿಮ್ಮ ಪರದೆಗೆ ಬರುತ್ತದೆ. ಜಾಹೀರಾತಿನ ಪಕ್ಕದ ಮೂರು ಚುಕ್ಕೆ ಒತ್ತಿ, ಇದು ನನಗೇಕೆ ಕಾಣುತ್ತಿದೆ ಎಂಬ ಆಯ್ಕೆಯನ್ನು ತೆರೆಯಿರಿ. ಇಂಥ ಪಟ್ಟಿ ಬಳಸಿದ್ದರೆ ಅಲ್ಲಿ ಹೇಳಿರುತ್ತದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಪಟ್ಟುಹಿಡಿಯುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ಮುಂದಿನ ಸಲ ಕೇಳಿದಾಗ ‘ಕೊಡುವುದಿಲ್ಲ’ ಎನ್ನಿ.