ಉಸಿರು ಗಿಡ್ಡವಾಗಿದ್ದರೆ ಗಿಡ್ಡ, ಅಷ್ಟೇ

"ನನಗೆ ಧ್ಯಾನ ಬರಲ್ಲ ಮೇಡಂ. ಕಣ್ಣು ಮುಚ್ಚಿದ ಕೂಡಲೇ ಆಫೀಸೇ ಕಣ್ಣಮುಂದೆ." ಆಪ್ತ ಸಮಾಲೋಚನೆಗೆ ಬರುವವರಲ್ಲಿ ಈ ಮಾತು ಆಡದವರು ಕಡಿಮೆ. ಹೇಳುವಾಗ ಫೇಲಾದ ಮಕ್ಕಳ ಮುಖ. ನೆಮ್ಮದಿಗೆ ಅಂತ ಕೂತವರು ಇನ್ನೊಂದು ಪರೀಕ್ಷೆ ಬರೆದು ಎದ್ದಿರುತ್ತಾರೆ.

ಅವರಿಗೆ ನಾನು 'ಸತಿಪಟ್ಠಾನ ಸುತ್ತ' ಎಂಬ ಬುದ್ಧನ ಉಪದೇಶದ ಮಾತು ಹೇಳುತ್ತೇನೆ. ಉಸಿರು ಉದ್ದವಿದ್ದರೆ ಉದ್ದ ಎಂದು ತಿಳಿ, ಗಿಡ್ಡವಿದ್ದರೆ ಗಿಡ್ಡ ಎಂದು ತಿಳಿ. ಗಿಡ್ಡ ಉಸಿರನ್ನು ಎಳೆದು ಉದ್ದ ಮಾಡು ಅಂತ ಬುದ್ಧ ಹೇಳಲಿಲ್ಲ. ಮುಂದೆ ಮನಸ್ಸಿನ ಬಗ್ಗೆಯೂ ಇದೇ ಮಾತು. ಸಿಟ್ಟು ತುಂಬಿದ ಮನಸ್ಸನ್ನು ಹಾಗೆಂದೇ ತಿಳಿ, ಚದುರಿದ ಮನಸ್ಸನ್ನು ಚದುರಿದ್ದು ಎಂದೇ ತಿಳಿ. ಆಫೀಸು ನೆನಪಾಯಿತು ಅಂತ ನಿಮಗೆ ಗೊತ್ತಾಯಿತಲ್ಲ, ಧ್ಯಾನ ಆಗಿದ್ದು ಆಗಲೇ. (ಇವತ್ತು ಬೆಳಗ್ಗೆ ಉಸಿರು ಎಣಿಸಲು ಕೂತ ನಾನು ಕುಕ್ಕರ್ ಸೀಟಿ ಎಣಿಸಿ ಎದ್ದೆ.)

ಬುದ್ಧನ ಇನ್ನೊಂದು ಉಪದೇಶವಾದ 'ಸಲ್ಲ ಸುತ್ತ'ದಲ್ಲಿ ಎರಡು ಬಾಣಗಳ ಹೋಲಿಕೆ ಇದೆ. ಒಂದು ಬಾಣ ನಾಟಿ ನೋಯುತ್ತಿರುವವನಿಗೆ ಇನ್ನೊಂದೂ ಬಂದು ನಾಟುತ್ತದೆ. ಮೊದಲನೆಯದು ಮೈಯ ನೋವು, ಎರಡನೆಯದು ಅದಕ್ಕಾಗಿ ಪಡುವ ಮನಸ್ಸಿನ ಸಂಕಟ. ನನ್ನ ಕೆಲಸದಲ್ಲಿ ನೋಡುವುದು ಬಹುಪಾಲು ಎರಡನೆಯ ಬಾಣದ ಗಾಯ. ಹೋಂವರ್ಕ್ ವಿಷಯಕ್ಕೆ ಮಗುವಿನ ಮೇಲೆ ಕಿರುಚಿದ ತಾಯಿ ರಾತ್ರಿ ಎರಡರವರೆಗೆ "ನಾನೆಂಥ ತಾಯಿ" ಅಂತ ಹೊರಳಾಡುತ್ತಾಳೆ. ನಿದ್ದೆಗೆಟ್ಟವಳು ಬೆಳಗ್ಗೆ ಮತ್ತೆ ಕಿರುಚುತ್ತಾಳೆ. ನಮ್ಮನ್ನು ನಾವು ಒಪ್ಪಿಕೊಂಡರೆ ಸೋಮಾರಿಗಳಾಗುತ್ತೇವೆ ಅಂತ ಎಲ್ಲರಿಗೂ ಭಯ. ನಾನು ಕಂಡಿದ್ದು ಉಲ್ಟಾ. "ಹೌದು, ಕಿರುಚಿದೆ, ಸುಸ್ತಾಗಿತ್ತು" ಅಂತ ಒಪ್ಪಿಕೊಂಡವರೇ ಬೆಳಗ್ಗೆ ಎದ್ದು ಮಗುವಿನ ಹತ್ತಿರ ಸಾರಿ ಕೇಳುತ್ತಾರೆ.

ಇಲ್ಲಿ ಮೈತ್ರಿ ಧ್ಯಾನ, ಅಂದರೆ ತನಗೂ ಎಲ್ಲರಿಗೂ ಒಳಿತು ಬಯಸುವ ಧ್ಯಾನ, ಕೆಲಸಕ್ಕೆ ಬರುತ್ತದೆ. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬೌದ್ಧ ಭಿಕ್ಷು ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ' ಎಂಬ ಗ್ರಂಥದಲ್ಲಿ ಅದರ ಕ್ರಮ ಇದೆ. "ನಾನು ಸುಖವಾಗಿರಲಿ" ಅಂತ ತನ್ನಿಂದಲೇ ಶುರು. ಆಮೇಲೆ ಪ್ರೀತಿ, ಗೌರವ ಇರುವವರು, ಆಮೇಲೆ ಬೇಕು ಅಂತಲೂ ಬೇಡ ಅಂತಲೂ ಅನ್ನಿಸದವರು, ಕೊನೆಗೆ ಆಗದವರು. ನನಗೆ ಸುಖ ಬೇಕಾದ ಹಾಗೆ ಅವರಿಗೂ ಬೇಕು ಅಂತ ಅರ್ಥವಾಗಲು ನಾನೇ ಸಾಕ್ಷಿ ಎನ್ನುತ್ತಾನೆ ಬುದ್ಧಘೋಷ.

ನಮ್ಮವರು ಎಡವುವುದು ಮೊದಲ ಮೆಟ್ಟಿಲಲ್ಲೇ. "ನಂದೇನು ಬಿಡಿ, ಮಕ್ಕಳು ಚೆನ್ನಾಗಿದ್ರೆ ಸಾಕು" ಎನ್ನುತ್ತಾರೆ. ಒತ್ತಾಯ ಮಾಡಿದರೆ ಅಳು ಬರುತ್ತದೆ. ಅದಕ್ಕೆ ನಾನು ಕ್ರಮ ಸ್ವಲ್ಪ ಮುರಿಯುತ್ತೇನೆ. ಮೊಮ್ಮಗುವನ್ನೋ ಮನೆಯ ನಾಯಿಯನ್ನೋ ನೆನೆಸಿಕೊಳ್ಳಿ, ಮನಸ್ಸು ಮೆತ್ತಗಾದ ಮೇಲೆ ಅದೇ ಮಾತನ್ನು ನಿಮಗೆ ಹೇಳಿಕೊಳ್ಳಿ ಅನ್ನುತ್ತೇನೆ. ದಿನಕ್ಕೆ ಹತ್ತು ನಿಮಿಷ. ಜಾಸ್ತಿ ಬೇಡ.

ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಲಾ ಅಂತ ಎಷ್ಟೋ ಜನ ಕೇಳುತ್ತಾರೆ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರು ಬರ್ಮಾದಿಂದ 1969ರಲ್ಲಿ ಭಾರತಕ್ಕೆ ತಂದ ಪದ್ಧತಿ ಇದು. ಶುಲ್ಕ ಇಲ್ಲ, ಮಾತಿಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರಬೇಕು. ಎಷ್ಟೋ ಜನರಿಗೆ ಒಳ್ಳೆಯದಾಗಿದೆ. ಆದರೆ ತೀವ್ರ ಖಿನ್ನತೆ ಇರುವವರನ್ನು, ಕಿವಿಯಲ್ಲಿ ಮಾತು ಕೇಳಿಸುವವರನ್ನು ನಾನು ಕಳಿಸುವುದಿಲ್ಲ. ಅಷ್ಟು ಹೊತ್ತಿನ ಮೌನ ಅವರಿಗೆ ಭಾರವಾಗಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳಿರುತ್ತಾರೆ, ಮುಚ್ಚಿಡಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶಿಬಿರಕ್ಕೆ ಅಂತ ನಿಲ್ಲಿಸಬೇಡಿ, ಮೊದಲು ನಿಮ್ಮ ಡಾಕ್ಟರನ್ನು ಕೇಳಿ.